ಬಲೆನೋ ಎಂಜಿನ್ ಕೂಡಿಸಿದ ಸಾಫ್ಟ್ ಟಾಪ್ ಜಿಪ್ಸಿ: ತಗೊಳ್ಳಲಾ, ಬಿಡಲಾ?

ತೊಗರಿಹೊಲ, ಕಲಬುರಗಿ

ಎಲ್ಲರಿಗೂ ನಮಸ್ಕಾರ. ನಾನು ಕಲಬುರಗಿಯವನು, ಸೇಡಂ ರೋಡ್ ಕಡೆ ಮನೆ. ಹೊಲ ಇರುವುದು ಚಿಂಚೋಳಿ ತಾಲೂಕಿನಲ್ಲಿ. ವಾರಕ್ಕೊಮ್ಮೆ ಹೋಗಿ ಬರುವುದು ಇದ್ದೇ ಇದೆ.

ಮಾರುತಿಯ ಜಿಪ್ಸಿ ಜೀಪಿನ ಹುಚ್ಚು ನನಗೆ ಚಿಕ್ಕಂದಿನಿಂದ. ನಮ್ಮ ಸೋದರಮಾವನ ಹತ್ತಿರ ಒಂದು ಬಿಳಿ ಜಿಪ್ಸಿ ಇತ್ತು. ಎಳ್ಳಮವಾಸ್ಯೆ ದಿನ ಅದರ ಟಾಪ್ ಬಿಚ್ಚಿಡುತ್ತಿದ್ದರು. ಹಿಂದೆ ಎದುರುಬದುರು ಸೀಟಿನಲ್ಲಿ ನಾವು ಆರು ಮಕ್ಕಳು, ನಡುವೆ ಭಜ್ಜಿಯ ಬೋಗುಣಿ, ಅವ್ವನ ತೊಡೆ ಮೇಲೆ ಸಜ್ಜಿ ರೊಟ್ಟಿ ಗಂಟು. ಚರಗ ಚೆಲ್ಲಲು ಹೊಲಕ್ಕೆ ಹೋಗುವ ಆ ಅರ್ಧ ಗಂಟೆಗಾಗಿ ವರ್ಷವಿಡೀ ಕಾಯುತ್ತಿದ್ದೆ. ಮಾವ ಆ ಗಾಡಿ ಮಾರಿದ ದಿನ ನಾನು ಉಂಡಿರಲಿಲ್ಲ.

ಈಗ ಬೀದರ್‌ನಲ್ಲಿ ಒಂದು ಸಿಕ್ಕಿದೆ. 1998ರ ಜಿಪ್ಸಿ ಕಿಂಗ್, ಸಾಫ್ಟ್ ಟಾಪ್ (ಬಿಚ್ಚಬಹುದಾದ ಬಟ್ಟೆ ಟಾಪ್), ಕೆಎ-38 ಪಾಸಿಂಗ್. ಕಂಪನಿಯಿಂದ ಬಂದಾಗ ಇದ್ದದ್ದು ಕಾರ್ಬುರೇಟರ್ ಇರುವ 1.3 ಲೀಟರ್ ಎಂಜಿನ್, 60 ಬಿಎಚ್‌ಪಿ. ಅದನ್ನು ಇಳಿಸಿ ಮಾರುತಿಯ ಹಳೇ ಬಲೆನೋ ಸೆಡಾನ್‌ನ 1.6 ಲೀಟರ್ ಎಂಜಿನ್ ಕೂಡಿಸಿದ್ದಾರೆ. ಇದು 94 ಬಿಎಚ್‌ಪಿ. ಗಾಡಿಯ ತೂಕ ನೋಡಿದರೆ ಒಂದು ಸಾವಿರ ಕೆಜಿಯೂ ಇಲ್ಲ. ಮೂರು ಲಕ್ಷ ನಲವತ್ತು ಸಾವಿರ ಹೇಳುತ್ತಿದ್ದಾರೆ.

ಹೋದ ಭಾನುವಾರ ಓಡಿಸಿ ನೋಡಿದೆ. ಟಾಪ್ ಬಿಚ್ಚಿತ್ತು. ಹುಮನಾಬಾದ್ ಕಡೆಯ ರಸ್ತೆಯಲ್ಲಿ ಮೂರನೇ ಗೇರ್‌ನಲ್ಲಿ ಕಾಲು ಒತ್ತಿದೆ, ಬೆನ್ನು ಸೀಟಿಗೆ ಅಂಟಿತು. ಮಾವನ ಗಾಡಿ ಹೀಗೆ ಓಡುತ್ತಿರಲಿಲ್ಲ. ಗಾಳಿ, ಎಂಜಿನ್ ಸದ್ದು, ಎರಡೂ ಬದಿ ಕೆಂಪು ಮಣ್ಣು, ಮೇಲೆ ಬರೀ ಆಕಾಶ. ಮನೆಗೆ ಬಂದು ರಾತ್ರಿ ನಿದ್ದೆ ಬರಲಿಲ್ಲ.

ಆದರೆ ಕೆಲವು ಅನುಮಾನ ಇವೆ. ಎಪ್ಪತ್ತು ದಾಟುತ್ತಿದ್ದ ಹಾಗೇ ಒಂದು ಸಣ್ಣ ಗುಂಡಿಗೆ ಬಿತ್ತು, ಸ್ಟೀರಿಂಗ್ ಎರಡೂ ಕಡೆ ಪಟಪಟ ಹೊಡೆದುಕೊಳ್ಳಲು ಶುರುವಾಯಿತು. ವೇಗ ಪೂರ್ತಿ ಇಳಿಸುವವರೆಗೂ ನಿಲ್ಲಲಿಲ್ಲ. ಮಾರುವವರು "ವೀಲ್ ಬ್ಯಾಲೆನ್ಸ್ ಮಾಡಿಸಿದರೆ ಹೋಗುತ್ತೆ" ಅಂದರು. ಇನ್ನೊಂದು, ಆರ್‌ಸಿಯಲ್ಲಿ ಹಳೇ ಎಂಜಿನ್ ನಂಬರೇ ಇದೆ. ಕೇಳಿದರೆ "ಯಾರೂ ಬಾನೆಟ್ ಎತ್ತಿ ನೋಡಲ್ಲ ಬಿಡ್ರಿ" ಅಂತಾರೆ. ಮೂರನೆಯದು ನಮ್ಮ ಬಿಸಿಲು. ಮೇ ತಿಂಗಳಲ್ಲಿ ಈ ದೊಡ್ಡ ಎಂಜಿನ್ ತಡೆಯುತ್ತಾ?

ಇಂಥ ಗಾಡಿ ಇಟ್ಟುಕೊಂಡವರು, ಓಡಿಸಿದವರು ಇದ್ದರೆ ದಯವಿಟ್ಟು ಹೇಳಿ. ಅಡ್ವಾನ್ಸ್ ಇನ್ನೂ ಕೊಟ್ಟಿಲ್ಲ. ಮುಂದಿನ ಭಾನುವಾರದವರೆಗೆ ಟೈಮ್ ಕೇಳಿದ್ದೇನೆ.

ಪಾನಾ_ಪಕ್ಕಡ, ಯಾದಗಿರಿ

ನಮ್ಮದು ಗ್ಯಾರೇಜ್. ಇಂಥ ಮೂರು ಜಿಪ್ಸಿಗಳ ಕೆಲಸ ನನ್ನ ಕೈಯಲ್ಲೇ ಆಗಿದೆ, ಹಾಗಾಗಿ ಹೋಗಿ ಏನೇನು ನೋಡಬೇಕು ಅಂತ ಹೇಳುತ್ತೇನೆ.

1.3 ಮತ್ತು 1.6 ಎರಡೂ ಸುಜುಕಿಯ ಒಂದೇ ಮನೆತನದ ಎಂಜಿನ್. ಅದಕ್ಕೇ ಎಲ್ಲರೂ ಇದನ್ನೇ ಹುಡುಕಿಕೊಂಡು ಬರುತ್ತಾರೆ. ಆದರೆ ಬಲೆನೋದಲ್ಲಿ ಎಂಜಿನ್ ಅಡ್ಡಕ್ಕೆ ಕೂತಿರುತ್ತದೆ, ಮುಂದಿನ ಚಕ್ರ ತಿರುಗಿಸುತ್ತದೆ. ಜಿಪ್ಸಿಯಲ್ಲಿ ಉದ್ದಕ್ಕೆ ಕೂಡಬೇಕು, ಕೆಳಗೆ ಮುಂದಿನ ಆಕ್ಸಲ್ ಬೇರೆ ಇದೆ. ಮೊದಲು ಗಾಡಿ ಕೆಳಗೆ ಮಲಗಿ ಆಯಿಲ್ ಸಂಪ್ (ಎಂಜಿನ್ ತಳದ ಆಯಿಲ್ ತೊಟ್ಟಿ) ನೋಡಿ. ಅದಕ್ಕೂ ಆಕ್ಸಲ್‌ಗೂ ನಡುವೆ ಎಷ್ಟು ಜಾಗ ಇದೆ? ಸಂಪ್ ಮೇಲೆ ಹೊಡೆತ ತಿಂದ ಗುರುತು ಇದ್ದರೆ, ಗುಂಡಿಗೆ ಬಿದ್ದಾಗೆಲ್ಲ ಆಕ್ಸಲ್ ಎದ್ದು ಅದಕ್ಕೆ ಬಡಿಯುತ್ತಿದೆ ಅಂತ ಅರ್ಥ. ಎಂಜಿನ್ ಮೌಂಟಿಂಗ್ ಚಾಸಿಗೆ ವೆಲ್ಡ್ ಮಾಡಿದ ಜಾಗದಲ್ಲಿ ಕೂದಲೆಳೆಯಷ್ಟು ಬಿರುಕು ಇದೆಯಾ ನೋಡಿ. ಬಣ್ಣ ಬಳಿದಿದ್ದರೆ ಅಲ್ಲೇ ಉಗುರಿನಿಂದ ಕೆರೆದು ನೋಡಿ.

ಪೆಟ್ರೋಲ್ ಲೈನ್ ಬಗ್ಗೆ ಕೈಮುಗಿದು ಹೇಳುತ್ತೇನೆ, ಇದನ್ನು ಹಗುರ ಮಾಡಬೇಡಿ. ಕಾರ್ಬುರೇಟರ್ ಗಾಡಿಗೆ ಒತ್ತಡ ಬಹಳ ಕಡಿಮೆ ಸಾಕು. ಬಲೆನೋದಂಥ ಎಂಪಿಎಫ್‌ಐ (ಪೆಟ್ರೋಲ್ ಅನ್ನು ಒತ್ತಡದಿಂದ ಚಿಮ್ಮಿಸುವ) ಎಂಜಿನ್‌ಗೆ ಎಲೆಕ್ಟ್ರಿಕ್ ಪಂಪ್ ಬೇಕು, ಅದರ ಒತ್ತಡ ಸುಮಾರು ಹತ್ತು ಪಟ್ಟು. ಹಳೇ ರಬ್ಬರ್ ಪೈಪನ್ನೇ ಇಟ್ಟು, ಮಾಮೂಲಿ ಕ್ಲಿಪ್ ಬಿಗಿದು ಕಳಿಸಿದ ಗಾಡಿ ನಾನೇ ನೋಡಿದ್ದೇನೆ. ಎಕ್ಸಾಸ್ಟ್ ಪೈಪಿನ ಪಕ್ಕದಲ್ಲೇ ಹಾದುಹೋಗಿತ್ತು! ಓಡಿಸಿ ನಿಲ್ಲಿಸಿದ ಮೇಲೆ ಮೂಗಿಗೆ ಪೆಟ್ರೋಲ್ ವಾಸನೆ ಬಂತು ಅಂದರೆ ಅವತ್ತು ಗಾಡಿ ಅಲ್ಲೇ ಬಿಟ್ಟು ಬನ್ನಿ.

ಆಮೇಲೆ ವೈರಿಂಗ್. ಇಸಿಯು, ಅಂದರೆ ಎಂಜಿನ್ ನಡೆಸುವ ಕಂಪ್ಯೂಟರ್, ಎಲ್ಲಿ ಇಟ್ಟಿದ್ದಾರೆ ಕೇಳಿ. ಟಾಪ್ ಬಿಚ್ಚಿದ ಗಾಡಿಗೆ ಮಳೆ ನೀರು ಒಳಗೇ ಬರುತ್ತದೆ. ಟೇಪ್ ಸುತ್ತಿದ ವೈರ್ ನಮ್ಮ ಬಿಸಿಲಿಗೆ ಅಂಟಂಟಾಗಿ ಬಿಚ್ಚಿಕೊಳ್ಳುತ್ತದೆ. ನಲವತ್ತು ನಿಮಿಷ ಓಡಿಸಿ, ಆಫ್ ಮಾಡಿ, ಒಂದು ಚಹಾ ಕುಡಿದು ಬಂದು ಮತ್ತೆ ಸ್ಟಾರ್ಟ್ ಮಾಡಿ. ಬಿಸಿ ಎಂಜಿನ್ ಒಂದೇ ಸಲಕ್ಕೆ ಹಿಡಿಯಬೇಕು.

ಟೈಮಿಂಗ್ ಬೆಲ್ಟ್ ಯಾವಾಗ ಬದಲಿಸಿದ್ದು ಅಂತ ಅವರು ಏನೇ ಹೇಳಲಿ, ತಗೊಂಡರೆ ಮೊದಲ ದಿನವೇ ಹೊಸದು ಹಾಕಿಸಿ.

ಭೀಮಾದಂಡೆ, ಜೇವರ್ಗಿ

ತಮ್ಮ, ನಿನ್ನ ಬರಹ ಓದಿ ನನ್ನ ಹದಿನೈದು ವರ್ಷ ಕಣ್ಣ ಮುಂದೆ ಬಂದವು. ನನ್ನ ಹತ್ತಿರ 1997ರ ಜಿಪ್ಸಿ ಕಿಂಗ್ ಸಾಫ್ಟ್ ಟಾಪ್ ಇದೆ. 2004ರಲ್ಲಿ ತಗೊಂಡೆ. 2009ರಲ್ಲಿ ಅದಕ್ಕೆ ಇದೇ ಬಲೆನೋ ಎಂಜಿನ್ ಕೂಡಿಸಿದೆ. ಹತ್ತು ವರ್ಷ ಓಡಿಸಿದೆ. ಹಾಗಾಗಿ ಸ್ವಲ್ಪ ಉದ್ದಕ್ಕೇ ಬರೆಯುತ್ತೇನೆ.

ಮೊದಲು ಅದರ ಸುಖ ಹೇಳಿಬಿಡುತ್ತೇನೆ, ಯಾಕೆಂದರೆ ಅದು ಸುಳ್ಳಲ್ಲ. ಕಲಬುರಗಿಯಿಂದ ಹುಮನಾಬಾದ್‌ಗೆ ಹೋಗುವಾಗ ಕಮಲಾಪುರದ ಆಚೆ ರಸ್ತೆ ಮೇಲಕ್ಕೇ ಏರುತ್ತದೆ. ಹಳೇ ಎಂಜಿನ್ ಇದ್ದಾಗ ಅಲ್ಲಿ ಸಿಮೆಂಟ್ ಲಾರಿ ಹಿಂದೆ ಮೂರನೇ ಗೇರ್‌ನಲ್ಲಿ ಹೊಗೆ ಕುಡಿಯುತ್ತಾ ಹೋಗುತ್ತಿದ್ದೆ. 1.6 ಬಂದ ಮೇಲೆ ನಾಲ್ಕನೇ ಗೇರ್‌ನಲ್ಲೇ ಎಳೆಯುತ್ತಿತ್ತು. ಅದರ ಜೋರು ಇರುವುದು ಮೇಲಿನ ಆರ್‌ಪಿಎಂನಲ್ಲಿ ಅಲ್ಲ, ನಡುವೆ. ಸುಮಾರು 130 ನ್ಯೂಟನ್ ಮೀಟರ್ ಟಾರ್ಕ್ (ತಿರುಗಿಸುವ ಬಲ), ಅದೂ ನಿಮಿಷಕ್ಕೆ ಮೂರು ಸಾವಿರ ಸುತ್ತಿನ ಆಸುಪಾಸಿನಲ್ಲೇ ಸಿಗುತ್ತದೆ. ಗೇರ್ ಇಳಿಸದೆ ಲಾರಿ ದಾಟುವುದು ಏನು ಅಂತ ಆಗ ಗೊತ್ತಾಯಿತು. ಡಿಸೆಂಬರ್ ಬೆಳಗ್ಗೆ ಟಾಪ್ ಇಲ್ಲದೆ, ಕಿವಿಗೆ ಮಫ್ಲರ್ ಸುತ್ತಿಕೊಂಡು, ಎರಡೂ ಬದಿ ಬಿಳಿಜೋಳ ಎದೆಮಟ್ಟ ಬೆಳೆದಿರುವಾಗ ಹೋಗಬೇಕು. ಹೊಲದ ತಂಪು ಮುಖಕ್ಕೆ ಹೊಡೆಯುತ್ತದೆ. ಹಳ್ಳ ಬಂದಲ್ಲಿ ಇನ್ನೂ ತಂಪು. ಮುಚ್ಚಿದ ಕಾರಿನಲ್ಲಿ ಕೂತವರಿಗೆ ಇದು ಗೊತ್ತೇ ಆಗುವುದಿಲ್ಲ.

ಈಗ ಬಿಸಿಲು. 2010ರ ಮೇ ತಿಂಗಳು, ಎಂಜಿನ್ ಕೂಡಿಸಿದ ಮೇಲಿನ ಮೊದಲ ಬೇಸಿಗೆ. ಶಹಾಬಾದ್ ಕಡೆ ಒಂದು ರೈಲ್ವೆ ಗೇಟ್ ಮುಂದೆ ನಿಂತಿದ್ದೆ. ಮಧ್ಯಾಹ್ನ ಎರಡು ಗಂಟೆ. ಮುಂದೆ ಲಾರಿ, ಹಿಂದೆ ಟಂಟಂ, ತಿರುಗಿಸಲು ಜಾಗ ಇಲ್ಲ. ಓಡುವಾಗ ಮಧ್ಯಕ್ಕೇ ನಿಂತಿದ್ದ ಟೆಂಪರೇಚರ್ ಮುಳ್ಳು ಐದು ನಿಮಿಷದಲ್ಲಿ ಕೆಂಪು ಗೆರೆ ಮುಟ್ಟಿತು. ಆಫ್ ಮಾಡಿದೆ. ಬಾನೆಟ್ ಸಂದಿನಿಂದ ಹಬೆ. ಪುಣ್ಯಕ್ಕೆ ಎಂಜಿನ್ ಹೆಡ್ ಉಳಿಯಿತು.

ಯಾಕೆ ಹಾಗಾಯಿತು ಅಂದರೆ, ನನ್ನ ಹಳೇ ಎಂಜಿನ್‌ನ ಫ್ಯಾನ್ ಬೆಲ್ಟ್ ಮೇಲೆ ತಿರುಗುತ್ತಿತ್ತು, ಎಂಜಿನ್ ಓಡುವಷ್ಟು ಹೊತ್ತು ಅದೂ ಓಡುತ್ತಿತ್ತು. ಹೊಸದಕ್ಕೆ ಮಿಸ್ತ್ರಿ ಒಂದು ಸಣ್ಣ ಎಲೆಕ್ಟ್ರಿಕ್ ಫ್ಯಾನ್ ಕಟ್ಟಿದ್ದರು. ರೇಡಿಯೇಟರ್ ಮಾತ್ರ ಹಳೇದೇ. ಫ್ಯಾನ್ ಸುತ್ತ ಶ್ರೌಡ್ (ಗಾಳಿ ಆಚೀಚೆ ಹೋಗದಂತೆ ತಡೆಯುವ ಕವಚ) ಇರಲಿಲ್ಲ, ಹಾಗಾಗಿ ಗಾಳಿ ರೇಡಿಯೇಟರ್ ಒಳಗಿಂದ ಬರುವ ಬದಲು ಪಕ್ಕದ ಸಂದಿಯಿಂದಲೇ ಬರುತ್ತಿತ್ತು. ರಸ್ತೆ ಮೇಲೆ ಓಡುವಾಗ ಎದುರುಗಾಳಿ ಇರುತ್ತದೆ, ನಡೆದುಹೋಗುತ್ತದೆ. ನಿಂತಾಗ ಬಣ್ಣ ಬಯಲಾಗುತ್ತದೆ. ಆಮೇಲೆ ಮೂರು ಸಾಲಿನ ಕೋರ್ ಇರುವ ರೇಡಿಯೇಟರ್ ಕಟ್ಟಿಸಿದೆ, ಎರಡು ಫ್ಯಾನ್, ತಗಡಿನ ಶ್ರೌಡ್, ಬರೀ ನೀರಿನ ಬದಲು ಸರಿಯಾದ ಕೂಲೆಂಟ್. ಮತ್ತೆ ಮುಳ್ಳು ಮೇಲೇಳಲಿಲ್ಲ. ನೀನು ನೋಡುವಾಗ ಓಡಿಸಿ ನೋಡಿದರೆ ಸಾಲದು. ಮಧ್ಯಾಹ್ನ ಹೋಗು, ನಿಂತಲ್ಲೇ ಇಪ್ಪತ್ತೈದು ನಿಮಿಷ ಎಂಜಿನ್ ಚಾಲೂ ಇಡು. ಮುಳ್ಳಿನ ಮೇಲೇ ಕಣ್ಣಿರಲಿ.

ಸ್ಟೀರಿಂಗ್ ಹೊಡೆದುಕೊಂಡದ್ದು ವೀಲ್ ಬ್ಯಾಲೆನ್ಸ್ ಅಲ್ಲ, ತಮ್ಮ. ಬ್ಯಾಲೆನ್ಸ್ ಇಲ್ಲದಿದ್ದರೆ ಸಣ್ಣಗೆ ಗುಂಯ್ ಅಂತ ನಡುಗುತ್ತದೆ, ವೇಗ ಬದಲಾದರೆ ಹೋಗುತ್ತದೆ. ಗುಂಡಿಗೆ ಬಿದ್ದು ಶುರುವಾಗಿ, ನಿಲ್ಲಿಸುವವರೆಗೂ ಬಿಡದೆ ಹೊಡೆದುಕೊಂಡರೆ ಅದು ಬಹುತೇಕ ಕಿಂಗ್‌ಪಿನ್ ಬೇರಿಂಗ್. ಜಿಪ್ಸಿಯ ಮುಂದಿನ ಚಕ್ರ ತಿರುಗುವುದು ಮೇಲೊಂದು ಕೆಳಗೊಂದು ಇರುವ ಈ ಎರಡು ಸಣ್ಣ ಬೇರಿಂಗ್ ಮೇಲೆ. ಅವು ಸವೆದು ಸಡಿಲಾದರೆ ಚಕ್ರಕ್ಕೆ ಹಿಡಿತ ಇರುವುದಿಲ್ಲ.

ಪರೀಕ್ಷೆ ಸುಲಭ. ಮುಂದಿನ ಚಕ್ರ ಜಾಕ್ ಮೇಲೆ ಎತ್ತು. ಒಂದು ಕೈ ಟೈರಿನ ಮೇಲೆ, ಒಂದು ಕೈ ಕೆಳಗೆ ಹಿಡಿದು ಅಲ್ಲಾಡಿಸು. ಟಕ್ ಅಂದರೆ ಬೇರಿಂಗ್ ಹೋಗಿದೆ. ಸರಿ ಮಾಡುವಾಗ ಒಂದು ಸೂಕ್ಷ್ಮ ಇದೆ, ಬಹಳ ಮಿಸ್ತ್ರಿಗಳು ಅದನ್ನು ಬಿಡುತ್ತಾರೆ. ಹೊಸ ಬೇರಿಂಗ್ ಹಾಕಿ ಬೋಲ್ಟ್ ಬಿಗಿದರೆ ಮುಗಿಯಲಿಲ್ಲ. ಶಿಮ್ ಅನ್ನುವ ತೆಳು ತಗಡಿನ ಬಿಲ್ಲೆ ತೆಗೆದು, ಸೇರಿಸಿ, ಬಿಗಿತ ಹೊಂದಿಸಬೇಕು. ನಾನು ರದ್ದಿ ಪೇಪರ್‌ನವನ ಸ್ಪ್ರಿಂಗ್ ಕಾಟಾ ಇಸಿದುಕೊಂಡು ಬಂದೆ. ಎರಡೂ ಚಕ್ರ ಜೋಡಿಸುವ ಟೈ ರಾಡ್ ಬಿಚ್ಚಿ, ಕಾಟಾದ ಕೊಕ್ಕೆಯನ್ನು ಚಕ್ರದ ಜೊತೆ ತಿರುಗುವ ನಕಲ್‌ನ (ಕೀಲಿನ) ತೋಳಿಗೆ ಸಿಕ್ಕಿಸಿ, ಮೆಲ್ಲಗೆ ಎಳೆದೆ. ಅದು ಅಲುಗುವ ಗಳಿಗೆಯಲ್ಲಿ ಕಾಟಾ ಎಷ್ಟು ತೋರಿಸುತ್ತದೆ ನೋಡಬೇಕು. ಒಂದರಿಂದ ಎರಡು ಕೆಜಿ ಒಳಗೆ ಬಂದರೆ ಸರಿ. ನನ್ನದು ಮೊದಲು ಕಾಲು ಕೆಜಿಯೂ ತೋರಿಸಲಿಲ್ಲ. ಬೆರಳಿನಿಂದ ದೂಡಿದರೂ ತಿರುಗುತ್ತಿತ್ತು. ಒಂದೊಂದೇ ಶಿಮ್ ತೆಗೆಯುತ್ತಾ ಬಂದು ಒಂದೂವರೆ ಕೆಜಿಗೆ ನಿಲ್ಲಿಸಿದೆ. ಅವತ್ತಿನಿಂದ ಆ ನಡುಕ ಬಂದಿಲ್ಲ.

ಬ್ರೇಕ್ ಬಗ್ಗೆ ಚುಟುಕಾಗಿ. ಮುಂದೆ ಡಿಸ್ಕ್, ಹಿಂದೆ ಡ್ರಮ್, ಅವು 60 ಬಿಎಚ್‌ಪಿ ಗಾಡಿಗೆ ಅಂತ ಮಾಡಿದವು. ಎಂಜಿನ್ ಬದಲಾಯಿತು, ಅವು ಅವೇ ಇವೆ. ಪ್ಯಾಡ್, ಶೂ, ಹೋಸ್ ಪೈಪ್, ಬ್ರೇಕ್ ಆಯಿಲ್ ಎಲ್ಲಾ ಹೊಸದು ಮಾಡಿಸು. ಹಿಂದೆ ಕಮಾನ್ ಪಟ್ಟಿ ಇರುವುದರಿಂದ ನಿಂತಲ್ಲಿಂದ ಒಮ್ಮೆಲೇ ಎಳೆದರೆ ಆಕ್ಸಲ್ ತಿರುಚಿ ಚಕ್ರ ಕುಪ್ಪಳಿಸುತ್ತದೆ. ಗಾಡಿ ಎತ್ತರ, ಅಗಲ ಕಡಿಮೆ, ತಲೆ ಮೇಲೆ ಬಟ್ಟೆ. ಮಗುಚಿದರೆ ಕಾಯಲು ಏನಿದೆ? ರೋಲ್ ಬಾರ್ ಚಾಸಿಗೇ ಬೋಲ್ಟ್ ಆಗಿರಬೇಕು, ಬಾಡಿಯ ತಗಡಿಗಲ್ಲ. ಬೆಲ್ಟ್ ಹಾಕದೆ ಒಂದು ಕಿಲೋಮೀಟರೂ ಬೇಡ.

ಮುಖ್ಯ ಮಾತಿಗೆ ಬರುತ್ತೇನೆ. "ಯಾರೂ ಬಾನೆಟ್ ಎತ್ತಿ ನೋಡಲ್ಲ" ಅಂದರಲ್ಲ, ನನಗೂ ಹಾಗೇ ಹೇಳಿದ್ದರು. ನಾನೂ ನಂಬಿದ್ದೆ. 2016ರಲ್ಲಿ ಒಂದು ಸಂಜೆ, ಜೇವರ್ಗಿಯಿಂದ ಕಲಬುರಗಿಗೆ ಹೊರಟಿದ್ದೆ. ಹತ್ತಿ ತುಂಬಿದ ಟ್ರ್ಯಾಕ್ಟರ್ ಟ್ರೇಲರ್, ಹಿಂದೆ ಲೈಟ್ ಇಲ್ಲ, ರಿಫ್ಲೆಕ್ಟರ್ ಇಲ್ಲ. ಕಂಡಾಗ ತಡವಾಗಿತ್ತು. ಬ್ರೇಕ್ ಒತ್ತಿದೆ, ಎಡಕ್ಕೆ ತಿರುಗಿಸಿದೆ, ಆದರೂ ಬಲಗಡೆ ಮೂತಿ ಹೋಗಿ ಬಡಿಯಿತು. ನನಗೆ ಮೊಣಕೈಗೆ ಏಟು, ಪಕ್ಕದಲ್ಲಿದ್ದ ನನ್ನ ತಮ್ಮನಿಗೆ ಹಣೆಗೆ ಆರು ಹೊಲಿಗೆ. ವಿಮೆ ಪೂರ್ತಿ ಕಟ್ಟಿದ್ದೆ. ಸರ್ವೇಯರ್ ಬಂದರು, ಚಾಸಿ ನಂಬರ್ ಮೇಲೆ ಹಾಳೆ ಇಟ್ಟು ಪೆನ್ಸಿಲ್ ಉಜ್ಜಿ ಅಚ್ಚು ತೆಗೆದುಕೊಂಡರು. ಆಮೇಲೆ ಎಂಜಿನ್ ನಂಬರ್ ಇರುವ ಜಾಗ ಬಟ್ಟೆಯಿಂದ ಒರೆಸಿದರು. ಆರ್‌ಸಿ ನೋಡಿದರು. ನನ್ನ ಮುಖ ನೋಡಿದರು. ಏನೂ ಹೇಳಲಿಲ್ಲ. ಮೂರು ವಾರಕ್ಕೆ ಕ್ಲೇಮ್ ತಿರಸ್ಕಾರವಾದ ಪತ್ರ ಬಂತು. ಒಂದು ಲಕ್ಷದ ಹತ್ತು ಸಾವಿರ ಕೈಯಿಂದ ಹೋಯಿತು.

ಆ ದುಡ್ಡಿನ ಮಾತು ಬಿಡು. ಆವತ್ತು ಎದುರಿಗಿದ್ದದ್ದು ಟ್ರೇಲರ್. ಒಬ್ಬ ಮನುಷ್ಯ ಆಗಿದ್ದರೆ? ಆ ಮನೆಯವರ ಪರಿಹಾರದ ಕೇಸು ಕೋರ್ಟಿಗೆ ಹೋಗಿ, ಅಲ್ಲಿ ವಿಮಾ ಕಂಪನಿಯವರು ನನ್ನ ಎಂಜಿನ್ ನಂಬರ್ ಹಿಡಿದು ವಾದಿಸಿದ್ದರೆ? ಇದನ್ನು ಯೋಚಿಸಿ ಎಷ್ಟೋ ರಾತ್ರಿ ಎದ್ದು ಕೂತಿದ್ದೇನೆ.

ಕಾನೂನು ಏನು ಹೇಳುತ್ತದೆ ಅಂದರೆ, ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಪ್ರಕಾರ ಕಂಪನಿ ಕೊಟ್ಟ ಮೂಲ ವಿವರಕ್ಕೆ ತಾಳೆಯಾಗದ ಹಾಗೆ ಗಾಡಿಯನ್ನು ಬದಲಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಇದನ್ನೇ ಗಟ್ಟಿಯಾಗಿ ಹೇಳಿತು. ಅದೇ ವರ್ಷ ಕಾಯ್ದೆ ತಿದ್ದುಪಡಿಯಾಗಿ 182ಎ ಕಲಂ ಬಂತು. ಒಂದೊಂದು ಬದಲಾವಣೆಗೆ 5,000 ರೂಪಾಯಿ ದಂಡ, ಇಲ್ಲವೇ ಆರು ತಿಂಗಳವರೆಗೆ ಜೈಲು, ಇಲ್ಲವೇ ಎರಡೂ. ಕೆಟ್ಟುಹೋದ ಎಂಜಿನ್ ಬದಲು ಅದೇ ಮಾದರಿಯ ಇನ್ನೊಂದು ಹಾಕಿ, ಆರ್‌ಟಿಒ ಒಪ್ಪಿಗೆ ಪಡೆದು ಹೊಸ ನಂಬರ್ ಬರೆಸುವುದು ಬೇರೆ. 1.3ರ ಜಾಗದಲ್ಲಿ 1.6 ಬೇರೆ. ಹದಿನೈದು ವರ್ಷ ದಾಟಿದ ಗಾಡಿಯ ಆರ್‌ಸಿ ಐದೈದು ವರ್ಷಕ್ಕೆ ರಿನ್ಯೂ ಆಗಬೇಕು. ಪ್ರತಿ ಸಲ ಗಾಡಿ ತೋರಿಸಬೇಕು.

ನಾನು ಒಂದು ಒಳ್ಳೆ ಕೆಲಸ ಮಾಡಿದ್ದೆ. ಮೂಲ ಎಂಜಿನ್ ಮಾರಿರಲಿಲ್ಲ. ಗ್ರೀಸ್ ಹಚ್ಚಿ, ತಾಡಪತ್ರಿ ಸುತ್ತಿ, ಹೊಲದ ಮನೆಯಲ್ಲಿ ಇಟ್ಟಿದ್ದೆ. 2019ರ ದೀಪಾವಳಿ ಮುಗಿದ ಮೇಲೆ ಅದನ್ನು ಹೊರಗೆ ತೆಗೆದು, ಬೋರ್ ಮಾಡಿಸಿ, ಹೊಸ ಪಿಸ್ಟನ್, ರಿಂಗ್ ಹಾಕಿಸಿ ಮತ್ತೆ ಕೂಡಿಸಿದೆ. ಈಗ ಅದೇ 60 ಬಿಎಚ್‌ಪಿ. ಕಮಲಾಪುರದ ಏರಿನಲ್ಲಿ ಮತ್ತೆ ಲಾರಿ ಹಿಂದೆ ಇದ್ದೇನೆ. ಆ ಜಾಗ ಬಂದಾಗೆಲ್ಲ ಬಲಗಾಲು 1.6 ಅನ್ನು ನೆನೆಯುತ್ತದೆ, ಇಲ್ಲ ಅನ್ನುವುದಿಲ್ಲ. ಆದರೆ ಟಾಪ್ ಬಿಚ್ಚಿ ಅರವತ್ತರಲ್ಲಿ ಹೋಗುವಾಗ ಆ ಜೋಳದ ಹೊಲದ ತಂಪು ಅಷ್ಟೇ ಇದೆ.

ನಿನಗೆ ನನ್ನ ಮಾತು ಇಷ್ಟೇ: ಮೂಲ ಎಂಜಿನ್ ಅವರ ಹತ್ತಿರ ಇದೆಯಾ ಕೇಳು. ನಂಬರ್ ಆರ್‌ಸಿಗೆ ತಾಳೆಯಾದರೆ ಎರಡನ್ನೂ ಸೇರಿಸಿ ಚೌಕಾಸಿ ಮಾಡಿ ತಗೋ, ಮೂಲದ್ದನ್ನು ಕೂಡಿಸು. ಇಲ್ಲ ಅಂದರೆ ಬಿಡು. ಜೋರು ಬೇಕೇ ಬೇಕು ಅಂದರೆ 2000ದ ನಂತರದ ಎಂಪಿಎಫ್‌ಐ ಜಿಪ್ಸಿ ಹುಡುಕು. ಕಂಪನಿಯಿಂದಲೇ 16 ವಾಲ್ವ್, 80 ಬಿಎಚ್‌ಪಿ ಬರುತ್ತದೆ. ಅದರ ಆರ್‌ಸಿ ಯಾರಿಗೆ ಬೇಕಾದರೂ ತೋರಿಸಬಹುದು.

ಕರೇಜ್, ಬೀದರ್

ಭೀಮಾದಂಡೆ ಅಣ್ಣ ಬರೆದದ್ದನ್ನು ಎರಡು ಸಲ ಓದಿದೆ. ನನ್ನ ಅನುಭವ ಬೇರೆ ದೇಶದ್ದು, ಆದರೆ ಕಥೆ ಒಂದೇ.

ನಾನು ಬೀದರ್‌ನವನು, ಕೆಲಸಕ್ಕಾಗಿ ಒಂಬತ್ತು ವರ್ಷ ಅಮೆರಿಕದ ಟೆಕ್ಸಸ್‌ನಲ್ಲಿದ್ದೆ. ಅಲ್ಲಿ ನನ್ನ ಹತ್ತಿರ 1994ರ ಮಾಜ್ದಾ ಮಿಯಾಟಾ ಇತ್ತು. ಎರಡೇ ಸೀಟು, ಬಟ್ಟೆ ಟಾಪ್, ಎರಡು ಚಿಲಕ ತೆಗೆದು ಹಿಂದಕ್ಕೆ ಮಡಚಿದರೆ ಮುಗಿಯಿತು. ಅದರ ಸ್ವಂತ ಎಂಜಿನ್ 1.8 ಲೀಟರ್, 128 ಹಾರ್ಸ್‌ಪವರ್. ನಾನು ತಗೊಳ್ಳುವ ಹೊತ್ತಿಗೆ ಹಿಂದಿನ ಮಾಲೀಕರು ಅದರಲ್ಲಿ ಜನರಲ್ ಮೋಟರ್ಸ್‌ನ ಎಲ್‌ಎಸ್1 ಕೂಡಿಸಿದ್ದರು. 5.7 ಲೀಟರ್, ಎಂಟು ಸಿಲಿಂಡರ್, ಮುನ್ನೂರು ಹಾರ್ಸ್‌ಪವರ್ ಮೇಲೆ. ಅಲ್ಲಿ ಇದು ಹೊಸದೇನಲ್ಲ. 1962ರಲ್ಲೇ ಅಲ್ಲಿನ ರೇಸ್ ಡ್ರೈವರ್ ಆಗಿದ್ದ ಕ್ಯಾರೊಲ್ ಶೆಲ್ಬಿ ಇಂಗ್ಲೆಂಡಿನ ಸಣ್ಣ ಎಸಿ ಕಾರಿಗೆ ಫೋರ್ಡ್‌ನ ವಿ8 ಇಟ್ಟು ಕೋಬ್ರಾ ಮಾಡಿದ್ದರು.

ಎಂಟು ಸಿಲಿಂಡರ್ ಇಟ್ಟರೆ ಮೂತಿ ಭಾರವಾಗಿ ಕಾರು ಹಾಳಾಗುತ್ತದೆ ಅಂತ ಎಲ್ಲರೂ ಅಂದುಕೊಳ್ಳುತ್ತಾರೆ. ಎಲ್‌ಎಸ್1 ಬ್ಲಾಕ್ ಪೂರ್ತಿ ಅಲ್ಯೂಮಿನಿಯಂ. ಎಲ್ಲಾ ಸೇರಿ ಹೆಚ್ಚಿದ್ದು ನೂರು ಕೆಜಿ ಚಿಲ್ಲರೆ. ಆದರೆ ಆ ಎಂಜಿನ್ ಒಂದೇ ಬರಲಿಲ್ಲ. ಅದರ ಜೊತೆ ದೊಡ್ಡ ಕಾರಿನ ಆರು ಗೇರಿನ ಬಾಕ್ಸ್ ಬಂತು. ಮಿಯಾಟಾದ ಡಿಫರೆನ್ಷಿಯಲ್ (ಹಿಂದಿನ ಎರಡು ಚಕ್ರಕ್ಕೆ ಜೋರು ಹಂಚುವ ಗೇರು) ತಡೆಯುವುದಿಲ್ಲ ಅಂತ ಬೇರೆ ಕಾರಿನದು ಬಂತು. ಅದಕ್ಕೆ ಆಕ್ಸಲ್, ಅದಕ್ಕೆ ಬ್ರೇಕ್, ಮುಂದಿನ ಸಬ್‌ಫ್ರೇಮ್ ಹೊಸದು, ರೇಡಿಯೇಟರ್ ಹೊಸದು. ಬಿಲ್ಲುಗಳ ಒಂದು ಫೈಲೇ ಕೊಟ್ಟಿದ್ದರು. ಅದರಲ್ಲಿ ಎಂಜಿನ್ ಬಿಲ್ಲು ಅರ್ಧಕ್ಕಿಂತ ಕಡಿಮೆ.

ಓಡಿಸುವುದು ಹೇಗಿತ್ತು? ಒಣ ರಸ್ತೆಯಲ್ಲಿ ಮನಸ್ಸಿಗೆ ರೆಕ್ಕೆ ಬಂದ ಹಾಗೆ. ಮಳೆ ಬಂದರೆ ಪೆಡಲ್ ಮೇಲೆ ಮೊಟ್ಟೆ ಇಟ್ಟ ಹಾಗೆ ಕಾಲು ಇಡಬೇಕು. ಚಕ್ರಗಳ ನಡುವಿನ ಅಂತರ ಕಡಿಮೆ, ಹಿಂಭಾಗ ಜಾರಿದರೆ ಸಾವರಿಸಲು ಸಮಯವೇ ಸಿಗುವುದಿಲ್ಲ. ಒಮ್ಮೆ ಒದ್ದೆ ರಸ್ತೆಯಲ್ಲಿ ಎರಡನೇ ಗೇರ್‌ನಲ್ಲಿ ಪೂರ್ತಿ ಸುತ್ತು ತಿರುಗಿ ಹುಲ್ಲಿನ ಮೇಲೆ ಹೋಗಿ ನಿಂತೆ. ಯಾರಿಗೂ ಏನೂ ಆಗಲಿಲ್ಲ. ಆ ಮೇಲೆ ಮಳೆಯಲ್ಲಿ ಅದನ್ನು ಹೊರಗೆ ತೆಗೆದೇ ಇಲ್ಲ. ಬೇಸಿಗೆಯಲ್ಲಿ ಗೇರ್ ಬಾಕ್ಸ್ ಮೇಲಿನ ತಗಡು ಎಷ್ಟು ಕಾಯುತ್ತಿತ್ತು ಅಂದರೆ ಕಾಲಿನ ಮೀನಖಂಡ ಅದಕ್ಕೆ ತಾಗಿಸಲು ಆಗುತ್ತಿರಲಿಲ್ಲ. ಟೆಕ್ಸಸ್ ಬಿಸಿಲೂ ನಮ್ಮ ಕಡೆ ಬಿಸಿಲಿನ ಅಣ್ಣತಮ್ಮನೇ.

ಬರುವಾಗ ಮಾರಿ ಬಂದೆ. ಎಡಗಡೆ ಸ್ಟೀರಿಂಗ್, ಅದೂ ಹಳೇ ಕಾರು, ಇಲ್ಲಿಗೆ ತರಲು ಬರುವುದಿಲ್ಲ. ತಗೊಂಡವರು ಕೀಲಿಗಿಂತ ಮೊದಲು ಕೇಳಿದ್ದು ಆ ಬಿಲ್ಲಿನ ಫೈಲ್. ನೀವೂ ಮಾರುವವರನ್ನು ಅದನ್ನೇ ಕೇಳಿ. ಕೆಲಸ ಸರಿಯಾಗಿ ಮಾಡಿಸಿದವರು ಚೀಟಿ ಇಟ್ಟುಕೊಂಡಿರುತ್ತಾರೆ.

ತೊಗರಿಹೊಲ, ಕಲಬುರಗಿ

ಎಲ್ಲರಿಗೂ ಶರಣು. ಇಷ್ಟು ಪ್ರೀತಿಯಿಂದ ಬರೆಯುತ್ತೀರಿ ಅಂದುಕೊಂಡಿರಲಿಲ್ಲ.

ಇವತ್ತು ಬೀದರ್‌ಗೆ ಹೋಗಿ ಬಂದೆ. ನಮ್ಮ ಓಣಿಯ ಮಿಸ್ತ್ರಿ ಕಾಕಾನನ್ನೂ ಕರೆದುಕೊಂಡು ಹೋಗಿದ್ದೆ. ಬೇಕಂತಲೇ ಮಧ್ಯಾಹ್ನ ಒಂದೂವರೆಗೆ ಹೋದೆವು. ನಿಂತಲ್ಲೇ ಚಾಲೂ ಇಟ್ಟೆವು. ಹದಿನೆಂಟನೇ ನಿಮಿಷಕ್ಕೆ ಮುಳ್ಳು ಏರಲು ಶುರುವಾಯಿತು, ಇಪ್ಪತ್ತೆರಡಕ್ಕೆ ನಾವೇ ಆಫ್ ಮಾಡಿದೆವು. ಬಾನೆಟ್ ಎತ್ತಿದರೆ ಒಂದೇ ಫ್ಯಾನ್, ಶ್ರೌಡ್ ಇಲ್ಲ. ಭೀಮಾದಂಡೆ ಅಣ್ಣ ಬರೆದದ್ದೇ ಕಣ್ಣಿಗೆ ಕಂಡಿತು.

ಬಲಗಡೆ ಚಕ್ರ ಎತ್ತಿ ಅಲ್ಲಾಡಿಸಿದೆ. ಟಕ್ ಟಕ್. ಎಡಗಡೆ ಇನ್ನೂ ಜಾಸ್ತಿ. ಪೆಟ್ರೋಲ್ ಪೈಪ್ ಮಾತ್ರ ಒಳ್ಳೆಯದೇ ಹಾಕಿದ್ದಾರೆ, ಪಾನಾ_ಪಕ್ಕಡ ಸರ್. ವಾಸನೆ ಇರಲಿಲ್ಲ. ಬಿಲ್ಲು ಕೇಳಿದ್ದಕ್ಕೆ ಒಂದೂ ಇಲ್ಲ ಅಂದರು.

ಆಮೇಲೆ ಮೂಲ ಎಂಜಿನ್ ಕೇಳಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಗುಜರಿಗೆ ಹಾಕಿ ನಾಲ್ಕು ವರ್ಷ ಆಯಿತು" ಅಂದರು.

ಅಲ್ಲೇ ಕಟ್ಟೆ ಮೇಲೆ ಕೂತು ಬಹಳ ಹೊತ್ತು ಗಾಡಿ ನೋಡಿದೆ. ಟಾಪ್ ಬಿಚ್ಚಿ ನಿಲ್ಲಿಸಿದ್ದರು. ಹಿಂದಿನ ಎದುರುಬದುರು ಸೀಟು ಮಾವನ ಗಾಡಿಯ ಹಾಗೇ ಇದ್ದವು, ಅದೇ ಕಪ್ಪು ರೆಕ್ಸಿನ್. ಅವ್ವನನ್ನು ಅಲ್ಲಿ ಕೂಡಿಸುವವನು ನಾನು. ಹತ್ತಿ ಟ್ರೇಲರ್ ಕಥೆ ಓದಿದ ಮೇಲೆ ಆಗಲಿಲ್ಲ. ಬೇಡ ಅಂದು ಬಂದೆ.

ಮಿಸ್ತ್ರಿ ಕಾಕಾಗೆ ಸುರಪುರದ ಕಡೆ ಒಂದು ಗೊತ್ತಂತೆ. 2005ರ ಎಂಪಿಎಫ್‌ಐ, ಸಾಫ್ಟ್ ಟಾಪ್, ಕೆಎ-33 ಪಾಸಿಂಗ್, ಒಬ್ಬರೇ ಮಾಲೀಕರು, ಎಂಜಿನ್ ಕಂಪನಿಯದ್ದೇ. ಟಾಪ್ ಹರಿದಿದೆ, ನೆಲದ ತಗಡು ಒಂದು ಕಡೆ ತುಕ್ಕು ಹಿಡಿದಿದೆ ಅಂದರು. ಮುಂದಿನ ವಾರ ನೋಡಲು ಹೋಗುತ್ತೇನೆ.

ಭೀಮಾದಂಡೆ, ಜೇವರ್ಗಿ

ಟಾಪ್ ಹೊಲಿಸಬಹುದು, ತಗಡು ಹಾಕಿಸಬಹುದು. ಚಾಸಿಯ ಹಿಂಭಾಗ, ಕಮಾನ್ ಪಟ್ಟಿ ಕೂಡುವ ಜಾಗದಲ್ಲಿ ಸುತ್ತಿಗೆಯಿಂದ ಮೆಲ್ಲಗೆ ಬಡಿದು ನೋಡು. ಠಣ್ ಅನ್ನಬೇಕು, ಡಬ್ ಅನ್ನಬಾರದು. ಎಂಜಿನ್ ನಂಬರ್ ನೀನೇ ಬಟ್ಟೆಯಿಂದ ಒರೆಸಿ ಓದು.

ಸುರಪುರಕ್ಕೆ ಹೋಗುವ ದಾರಿ ಜೇವರ್ಗಿ ಮೇಲೇ ಹಾಯುತ್ತದೆ. ಬಸ್ ಸ್ಟ್ಯಾಂಡ್ ಹತ್ತಿರ ನಿಲ್ಲು, ನಾನೂ ಬರುತ್ತೇನೆ. ಕಾಟಾ ತರುತ್ತೇನೆ.